ಶಿಫಾರಸು

ಸಿದ್ದಾಪುರದಲ್ಲಿ ಶಿಫಾರಸು ಅಂದರೆ
ಎಮ್ಮೆಲ್ಲೆ ಲೆಟರ್‌ಹೆಡ್ಡು, ಹಸಿರು ಶಾಯಿ,
ಆಸ್ಪತ್ರೆಯಲ್ಲೊಂದು ಹಾಸಿಗೆ, ಹಾಸ್ಟೆಲಿನಲ್ಲೊಂದು ಸೀಟು.
ನನ್ನ ಮಾತಿಗೆ ಆ ತೂಕವಿಲ್ಲ.
ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ ನಾನು,
ಮೂರು ತಿಂಗಳಿಗೊಮ್ಮೆ ಬರುವ ಗೌರವಧನ,
ಎರಡು ಕಪಾಟು, ಒಂದು ಕುಂಟುವ ಮೇಜು.
ಆದರೂ ಬಂದವರಿಗೆ ಹೇಳದೆ ಇರಲಾರೆ:
ಇದನ್ನೊಮ್ಮೆ ಓದಿ ನೋಡಿ.

ಹವಾಲ್ದಾರ್ ಉತ್ತಯ್ಯನವರಿಗೆ ಪತ್ತೇದಾರಿಯೇ ಆಗಬೇಕು.
ರಿವಾಲ್ವರಿನ ಚಿತ್ರವಿಲ್ಲದ ರಕ್ಷಾಪುಟ ಮುಟ್ಟುವವರಲ್ಲ.
ಹೋದ ಕಕ್ಕಡದಲ್ಲಿ, ಕರೆಂಟು ಹೋಗಿ ನಾಲ್ಕನೇ ದಿನ,
ಇದ್ದಬದ್ದ ಕೊಲೆಗಳೆಲ್ಲ ಓದಿ ಮುಗಿದಿದ್ದವು.
ಆಗ ಕೈಗಿತ್ತದ್ದು,
ಲೈನ್‌ಮನೆಯಲ್ಲಿ ಹುಟ್ಟಿದವಳೊಬ್ಬಳು
ತನ್ನ ಬಾಲ್ಯ ಬರೆದ ನೂರಾ ಹತ್ತು ಪುಟ.
"ಇದರಲ್ಲಿ ಯಾರು ಸಾಯ್ತಾರೆ?" ಅಂದರು.
"ಓದಿ, ಸಾರ್."

ಎರಡು ತಿಂಗಳು ತಡವಾಗಿ ಬಂತು ಪುಸ್ತಕ.
ದಂಡ ಎಣಿಸಿ ಮೇಜಿನ ಮೇಲಿಟ್ಟರು,
ಕೊಡೆ ಬಿಚ್ಚಿದರು, ಮತ್ತೆ ಮಡಿಸಿದರು.
"ನಮ್ಮ ತೋಟದ ಗೇಟನ್ನು
ಇಷ್ಟು ವರ್ಷ ಒಳಗಿಂದಲೇ ನೋಡಿದ್ದೆ.
ಹೊರಗಿಂದ ಅದು ಅಷ್ಟು ಎತ್ತರವಾ?"
ನಾನೇನು ಹೇಳಲಿ.
ಕೆಲವು ಪುಸ್ತಕ ಮದ್ದುಸೊಪ್ಪಿನ ಪಾಯಸದ ಹಾಗೆ:
ಉಣ್ಣುವಾಗ ಬರೀ ಪರಿಮಳ,
ಒಳಗಿಳಿದದ್ದು ಮರುದಿನ ಬೆಳಿಗ್ಗೆ
ಬಣ್ಣ ಕಂಡಾಗಲೇ ಗೊತ್ತು.

ಸೀತವ್ವ ಟೀಚರಿಗೆ ಕೊಟ್ಟದ್ದು
ಇಬ್ಬರು ಹೆಂಗಸರು ಜೊತೆಯಾಗಿ ಬಾಳಿದ ಕಾದಂಬರಿ.
ಕೊಡುವಾಗ ನನ್ನ ಕೈಯೇ ತುಸು ಹಿಂಜರಿದಿತ್ತು.
ಸೊಸೈಟಿ ಕ್ಯಾಲೆಂಡರಿನ ಹಾಳೆ ಹೊದಿಸಿ ಒಯ್ದರು,
ಹೊದಿಕೆ ತೆಗೆಯದೆ ತಂದರು.
"ಚೆನ್ನಾಗಿದೆ. ಆದರೆ ಅಡುಗೆ ಯಾರು ಮಾಡ್ತಿದ್ದರು?
ಬರೆದವರು ಒಲೆ ಕಡೆ ಹೋಗೇ ಇಲ್ಲ."
ಹೊರಟವರು ಮೆಟ್ಟಿಲಲ್ಲಿ ನಿಂತು
"ಟ್ರೈನಿಂಗ್ ಕಾಲೇಜಿನಲ್ಲಿ ನನ್ನ ಜೊತೆ ಒಬ್ಬಳಿದ್ದಳು" ಅಂದರು,
ಬಸ್ಸು ಬಂತೆಂದು ಇಳಿದು ಹೋದರು.
ಬಸ್ಸು ಬಂದಿರಲಿಲ್ಲ.

ಹೀಗೆ ನಾಲ್ಕಾರು ಸಲ ಗುರಿ ತಾಗಿದ್ದಕ್ಕೆ
ನನಗೂ ಸ್ವಲ್ಪ ಜಂಬ ಬಂದಿತ್ತು,
ಯಾರಿಗೆ ಯಾವುದೆಂದು ನನಗೆ ಗೊತ್ತು, ಅಂತ.

ಸಂತೆಯ ದಿನ ಬೊಳ್ಳಿ ಬಂದಳು.
ಎರವರ ಹಾಡಿಯವಳು, ಎರಡನೇ ಪಿಯುಸಿ,
ಜಡೆಗೆ ಅಂಟಿದ ಕಾಫಿ ಹೂವಿನೆಸಳು.
ಅವಳಿಗೆಂದೇ ಕಾದಿಟ್ಟಿದ್ದ
ಅದೇ ನೂರಾ ಹತ್ತು ಪುಟ ಚಾಚಿದೆ.
ನಾಲ್ಕು ಸಾಲು ಓದಿ ಹಿಂದಕ್ಕೆ ತಳ್ಳಿದಳು.
"ನಮ್ಮ ಗೋಳು ನಮಗೆ ಗೊತ್ತಲ್ಲ ಅಕ್ಕ,
ಇದನ್ನ ತೋಟದ ಸಾಹುಕಾರರಿಗೆ ಕೊಡಿ.
ಕೊಲೆ ಮಾಡಿದ್ದು ಯಾರು ಅಂತ ಇರುತ್ತಲ್ಲ,
ನನಗೆ ಅಂಥದ್ದು."

ಮುಖ ಬಿಸಿಯಾಯಿತು ನನಗೆ.
ಬೆನ್ನು ಕಿತ್ತ ಒಂದು ಪತ್ತೇದಾರಿ ಹುಡುಕಿ ಕೊಟ್ಟೆ,
ಉತ್ತಯ್ಯನವರ ಮಿಲಿಟರಿ ಕ್ಯಾಂಟೀನ್ ಚೀಟಿ
ಇನ್ನೂ ಒಳಗಿತ್ತು.

ಮುಂದಿನ ವಾರ, ಸಂಜೆ, ಆನೆ ರಸ್ತೆ ದಾಟುತ್ತಿದೆಯೆಂದು
ಗ್ರೂಪಿನಲ್ಲಿ ಮೆಸೇಜು ಬಂದು ಬಾಗಿಲು ಹಾಕುವ ಹೊತ್ತಿಗೆ
ಏದುಸಿರು ಬಿಡುತ್ತ ಬಂದಳು.
"ಡಾಕ್ಟರೇ ಕೊಲೆಗಾರ. ಮೂವತ್ತನೇ ಪುಟಕ್ಕೇ ಗೊತ್ತಾಯ್ತು.
ಆದರೆ ಅಕ್ಕ, ಹನ್ನೆರಡನೇ ಪುಟದಲ್ಲಿ
ಬಂಗಲೆ ಗುಡಿಸುವವಳೂ ಸಾಯ್ತಾಳೆ.
ಅವಳನ್ನ ಕೊಂದದ್ದು ಯಾಕೆ ಅಂತ
ಕೊನೇ ತನಕ ಯಾರೂ ಕೇಳೋದೇ ಇಲ್ಲ."

ಅವಳು ಹೋದ ಮೇಲೆ ತೆರೆದೆ.
'ಕೆಲಸದ ಹೆಂಗಸು' ಎಂದು ಅಚ್ಚಾದಲ್ಲೆಲ್ಲ
ಅಂಚಿನಲ್ಲಿ ಪೆನ್ಸಿಲಿನ ದುಂಡನೆ ಅಕ್ಷರ:
ಚೋಮಿ. ಚೋಮಿ. ಚೋಮಿ.
ಪುಟದ ಬುಡದಲ್ಲಿ ಸಣ್ಣಗೆ:
ವಯಸ್ಸು ಮೂವತ್ತೊಂದು. ಇಬ್ಬರು ಮಕ್ಕಳು. ಜೇನು ಇಷ್ಟ.

ಪುಸ್ತಕದಲ್ಲಿ ಗೀಚಿದರೆ ಹತ್ತು ರೂಪಾಯಿ ದಂಡ,
ಗೋಡೆಗೆ ನಾನೇ ಬರೆದು ಅಂಟಿಸಿದ್ದು.
ರಬ್ಬರು ಹುಡುಕಿದೆ.
ಸಿಕ್ಕಿತು.
ಡ್ರಾಯರಿನಲ್ಲೇ ಬಿಟ್ಟೆ.

ಮಂಗಳವಾರ ಉತ್ತಯ್ಯನವರು ಕಪಾಟು ಕೆದಕುವಾಗ
ಅದನ್ನೇ ಕೈಗಿತ್ತೆ.
"ಓದಿದ್ದೇನಲ್ಲ ತಾಯಿ, ಮೂರು ಸಲ.
ಕೊಂದದ್ದು ಡಾಕ್ಟರು."
"ಯಾರನ್ನು, ಸಾರ್?"
ಬಾಯಿ ತೆರೆದವರು ಹಾಗೇ ನಿಂತರು.
ಆಮೇಲೆ ಕುರ್ಚಿ ಎಳೆದುಕೊಂಡು
ಕನ್ನಡಕಕ್ಕಾಗಿ ಜೇಬು ತಡವಿದರು.